ಕಸ್ತೂರೆಮ್ಮನ ಎಡಸುತ್ತಿನ ರೊಟ್ಟಿ

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಸ್ತೂರೆಮ್ಮನ ರೊಟ್ಟಿ ಅಂಗಡಿ. ಅಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಕೇಳದಿದ್ದರೂ ನಾಲ್ಕು ಬೈಗುಳ ಸಿಗುತ್ತಿದ್ದವು. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಲಾರಿ ಡ್ರೈವರುಗಳು ನಗುತ್ತಲೇ ಬೈಸಿಕೊಂಡು ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದರು. ರೊಟ್ಟಿ ಬಡಿಯುವಾಗ ಆಕೆಯ ಕಣ್ಣು ಬೀದಿಯ ಮೇಲೆ, ಬಾಯಿ ಪಕ್ಕದ ಮನೆಯವರ ಮೇಲೆ. ಕೈ ಮಾತ್ರ ತನ್ನ ಪಾಡಿಗೆ ತಾನು ಟಪ್ ಟಪ್ ಅನ್ನುತ್ತಿತ್ತು, ರೊಟ್ಟಿ ಅಂಗೈಯಡಿ ಬಲಕ್ಕೆ ತಿರುಗುತ್ತ ತಿರುಗುತ್ತ ಅಗಲವಾಗುತ್ತಿತ್ತು.

ಹೊಸದಾಗಿ ಕೆಲಸಕ್ಕೆ ಬಂದಿದ್ದ ಮೆಹರಬಾನು ಒಮ್ಮೆ ಕೇಳಿದಳು, "ಕಸ್ತೂರಕ್ಕಾ, ಯಾವ ಕೈಲೆ ತಿರುಗಸ್ತೀ ಅದನ್ನ?"

"ನಾ ಎಲ್ಲಿ ತಿರುಗಸ್ತೀನಿ? ಬಡದ್ರ ಅದಾ ತಿರುಗತೈತಿ."

ಹೇಳಿದ ಮೇಲೆ ಆಕೆಗೇ ಅನುಮಾನ ಬಂತು. ಖರೇನೋ ಸುಳ್ಳೋ ನೋಡೋಣವೆಂದು ಕಣ್ಣು ಕೆಳಗಿಳಿಸಿದಳು. ನೋಡಿದ್ದೇ ತಡ, ರೊಟ್ಟಿ ನಿಂತುಬಿಟ್ಟಿತು. ಮುಂದಿನ ಏಟಿಗೆ ಹರಿದೇ ಹೋಯಿತು.

"ನಿನ್ನ ಪ್ರಶ್ನಿಗೆ ಬೆಂಕಿ ಹಚ್ಚಲಿ!" ಎಂದು ಕಸ್ತೂರೆಮ್ಮ ಹಿಟ್ಟನ್ನು ಮತ್ತೆ ಮುದ್ದೆ ಮಾಡಿದಳು.

ಅಂಥವಳಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬೆಳಿಗ್ಗೆ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದವಳ ಬಲಗೈ ಕಳಚಿ ಬಿದ್ದಂತೆ ಜೋತುಬಿದ್ದಿತು, ಮಾತು ತೊದಲಿತು. ಮಗ ಗುರುಬಸವ ತಡಮಾಡದೆ ಸಿಂಧನೂರಿನ ದವಾಖಾನೆಗೆ ಒಯ್ದ. ಜೀವಕ್ಕೆ ಏನೂ ಆಗಲಿಲ್ಲ. ಮಾತೇ ಮೊದಲು ವಾಪಸು ಬಂತು. ಓಣಿಯಲ್ಲಿ ಯಾರಿಗೂ ಅದರಿಂದ ಆಶ್ಚರ್ಯವಾಗಲಿಲ್ಲ. ಕೈ ಮಾತ್ರ ಬರಲಿಲ್ಲ. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಅದನ್ನು ಕಸ್ತೂರೆಮ್ಮ ಸೋಮಾರಿ ಅಳಿಯನನ್ನು ಬೈದಂತೆ ಬೈಯುತ್ತಿದ್ದಳು: "ಉಣ್ಣಾಕ ಬರಲ್ಲ, ದುಡಿಯಾಕ ಬರಲ್ಲ, ನನ್ನ ಜೋಡಿ ಯಾಕ ಅದಿ ನೀ?" ಯಾರೂ ಇಲ್ಲದಾಗ ಎಡಗೈಯಿಂದ ಅದನ್ನೇ ಸವರುತ್ತಿದ್ದಳು.

ಆ ದವಾಖಾನೆಯಲ್ಲಿ ವಾರಕ್ಕೊಮ್ಮೆ ವ್ಯಾಯಾಮ ಮಾಡಿಸುತ್ತಿದ್ದವಳು ಶಾಹೀಸ್ತಾ ಎಂಬ ಫಿಸಿಯೋ ಡಾಕ್ಟರು. ಆಕೆ ಒಂದು ಮೆತ್ತನೆಯ ಚೆಂಡು ಕೊಟ್ಟು ದಿನಾ ಒತ್ತಬೇಕೆಂದಳು. ಕಸ್ತೂರೆಮ್ಮನಿಗೆ ಎರಡೇ ದಿನಕ್ಕೆ ಅದು ಬೇಸರವಾಯಿತು. ಚೆಂಡು ಮೊಮ್ಮಗಳು ಗಾಯತ್ರಿಯ ಪಾಲಾಯಿತು.

ಗಾಯತ್ರಿಗೆ ಅಂಬೆಗಾಲಿಡುವ ವಯಸ್ಸು. ಚೆಂಡು ಎದುರಿಗೆ ಕಾಣುತ್ತಿತ್ತು, ಹಿಡಿಯುವ ಆಸೆ ಬೆಟ್ಟದಷ್ಟಿತ್ತು. ಅಂಗೈ ಊರಿ ಜೋರು ಮಾಡಿದರೆ ಕೂಸು ಹಿಂದಕ್ಕೇ ಜಾರುತ್ತಿತ್ತು. ಜೋರು ಮಾಡಿದಷ್ಟೂ ಚೆಂಡು ದೂರ! ಕೊನೆಗೆ ಜೋಳದ ಚೀಲಕ್ಕೆ ಅಂಡು ತಾಗಿ, ಇದ್ಯಾರು ತಳ್ಳಿದರೆಂದು ಹಿಂದಿರುಗಿ ನೋಡುತ್ತಿತ್ತು.

"ಅಯ್ಯ ನನ್ನವ್ವ, ಬೇಕಾದ್ದು ಮುಂದೈತಿ, ನೀ ಹಿಂದ ಹೊಂಟೀಯಲ್ಲಬೇ!" ಕಸ್ತೂರೆಮ್ಮ ಲಕ್ವಾ ಹೊಡೆದ ಮೇಲೆ ಮೊದಲ ಸಲ ಬಿದ್ದು ಬಿದ್ದು ನಕ್ಕಳು.

ಆಮೇಲೆ ಅದೇ ಆಕೆಯ ಹೊತ್ತು ಕಳೆಯುವ ಕೆಲಸವಾಯಿತು. ಕೂಸು ಹೊಟ್ಟೆಯ ಮೇಲೆ ತೆವಳಿತು, ಉರುಳಿತು, ಒಂದು ಮೊಣಕಾಲು ಒಂದು ಪಾದ ಹಾಕಿ ಏಡಿಯಂತೆ ಅಡ್ಡಡ್ಡ ಹೋಯಿತು. ನಿನ್ನೆ ಮಾಡಿದಂತೆ ಇವತ್ತು ಮಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಆ ಏಡಿ ನಡಿಗೆಯಲ್ಲೇ ಹೋಗಿ ಚೆಂಡು ಹಿಡಿದು ಬಾಯಿಗಿಟ್ಟುಕೊಂಡಿತು.

ಇದನ್ನು ಕಸ್ತೂರೆಮ್ಮ ಸಿಂಧನೂರಿನಲ್ಲಿ ಎಡಗೈ ತಿರುಗಿಸಿ ತಿರುಗಿಸಿ ಹೇಳಿದಾಗ ಶಾಹೀಸ್ತಾ ನಕ್ಕು, "ನೀವೂ ಹಂಗಾ ಮಾಡ್ರಿ ಅಮ್ಮಾ. ಕೂಸಿಗೆ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕ ಚೆಂಡು ಬೇಕಾಗಿತ್ತು. ಕೈ, ಕಾಲು, ಮಿದುಳು, ನೆಲ ಎಲ್ಲಾ ಕೂಡಿ ತಾವಾ ಒಂದು ಹಾದಿ ಮಾಡಿಕೊಂಡಾವ. ನಿಮ್ಮ ಕೈಗೆ ಏನು ಬೇಕಾಗೈತಿ?" ಎಂದಳು.

"ಹಿಟ್ಟು," ಅಂದಳು ಕಸ್ತೂರೆಮ್ಮ, ಒಂದು ಕ್ಷಣವೂ ಯೋಚಿಸದೆ.

ಮನೆಗೆ ಬಂದವಳೇ ಹಿಟ್ಟಿನ ಮುಂದೆ ಕುಳಿತಳು. ಎಡಗೈಯಿಂದ ಬಲಗೈ ಎತ್ತಿಟ್ಟು ನಾದಿದಳು, ಮೊಣಕೈಯಿಂದ ಒತ್ತಿದಳು, ಭುಜ ಬೀಸಿ ಅಂಗೈ ಬೀಳಿಸಿದಳು. ಬಂದದ್ದು ರೊಟ್ಟಿಯಲ್ಲ. ಒಂದು ಚಪ್ಪಲಿಯಂತಿದ್ದರೆ ಇನ್ನೊಂದು ಆನೆಯ ಕಿವಿಯಂತಿತ್ತು. ಎಲ್ಲವೂ ಎದುರು ಮನೆಯ ಎಮ್ಮೆಗೆ ಹೋದವು.

"ಅತ್ತಿ, ಎಮ್ಮಿ ಸುದ್ದಾ ನಿಮ್ಮನ್ನ ನೋಡಿದ್ರ ಮುಖ ತಿರುವಾಕತ್ತೈತಿ," ಎಂದಳು ಸೊಸೆ ಶಿವಕುಮಾರಿ.

"ತಿರುವಲಿ ಬಿಡು. ಅದಕ್ಕೇನು ಗೊತ್ತು ರೊಟ್ಟಿ ರುಚಿ!"

ಆಗ ತುರ್ವಿಹಾಳದಿಂದ ಒಂದು ಮದುವೆಯ ರೊಟ್ಟಿ ಕೆಲಸ ಬಂತು. ಮೆಹರಬಾನು ಓಣಿಯ ಹೆಂಗಸರನ್ನು ಕರೆತಂದಳು. ಎಲ್ಲರೂ ಸಾಲಾಗಿ ಕುಳಿತು ಬಡಿಯತೊಡಗಿದರು. ಮೊದಮೊದಲು ಒಬ್ಬೊಬ್ಬರದು ಒಂದೊಂದು ಸದ್ದು, ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ. ಹರಟೆಯ ನಡುವೆ ಯಾವಾಗಲೋ ಎಲ್ಲರ ಕೈಗಳೂ ಒಂದೇ ಹದಕ್ಕೆ ಬಂದವು. ತಾಳ ಹಾಕಿದವರು ಯಾರೂ ಇರಲಿಲ್ಲ. ಮೇಲ್ವಿಚಾರಣೆಗೆಂದು ತುದಿಯಲ್ಲಿ ಕುಳಿತಿದ್ದ ಕಸ್ತೂರೆಮ್ಮನ ಎಡಗೈ ತೊಡೆಯ ಮೇಲೆ ತಟ್ಟತೊಡಗಿತು. ತಡೆಯಲಾರದೆ ಒಂದು ಉಂಡೆ ಎಳೆದುಕೊಂಡಳು. ಎಡಗೈ ಬಡಿಯಿತು. ಬಲಗೈ ಅದರ ಹಿಂದೆ ಧೊಪ್ ಅಂತ ಬಿತ್ತು. ಟಪ್ ಧೊಪ್, ಟಪ್ ಧೊಪ್.

"ಏ ಮೆಹರಬಾನು, ಹಸಿ ರೊಟ್ಟಿ ಒಂದರ ಮ್ಯಾಲೊಂದು ಒಟ್ಟಬ್ಯಾಡಬೇ, ಅಂಟ್ಕೊಂತಾವ!" ಎಂದು ಬೈದಳು. ಮೆಹರಬಾನು ಆಕೆಯ ಹಲಗೆಯನ್ನೇ ನೋಡುತ್ತಿದ್ದಳು.

"ಅಕ್ಕಾ... ತಿರುಗಾಕತ್ತೈತಿ."

ಕಸ್ತೂರೆಮ್ಮ ನೋಡಬಾರದೆಂದುಕೊಂಡೇ ನೋಡಿದಳು. ರೊಟ್ಟಿ ಈ ಸಲ ನಿಲ್ಲಲಿಲ್ಲ. ಆದರೆ ಎಡಕ್ಕೆ ತಿರುಗುತ್ತಿತ್ತು! ಜನ್ಮದಲ್ಲಿ ಆಕೆಯ ರೊಟ್ಟಿ ಆ ಕಡೆ ಹೋದದ್ದಿಲ್ಲ.

"ಇದು ಉಲ್ಟಾ ಹೊಂಟೈತಲ್ಲೇ!" ಎಂದು ನಗುತ್ತಿದ್ದವಳ ಕಣ್ಣಿಂದ ನೀರು ದಳದಳನೆ ಇಳಿಯಿತು. ಹೆಂಗಸರು ಬಡಿಯುವುದನ್ನು ನಿಲ್ಲಿಸಿ ಸುತ್ತ ಕೂಡಿದರು. "ನಿಲ್ಲಬ್ಯಾಡ್ರೇ, ಬಡೀರಿ, ಬಡೀರಿ, ನನ್ನ ಕೈ ಮರತ್ ಬಿಡತೈತಿ!" ಎಂದು ಆಕೆ ಕೂಗಿಕೊಂಡಳು.

ಬಲಗೈಗೆ ಹಳೆಯ ಕಸುವು ಪೂರ್ತಿ ಬರಲಿಲ್ಲ. ಇವತ್ತಿಗೂ ಕುಪ್ಪಸದ ಗುಂಡಿ ಹಾಕಲು ಸೊಸೆ ಬೇಕು. ರೊಟ್ಟಿ ಎಡಕ್ಕೇ ತಿರುಗುತ್ತದೆ, ಒಂದು ಅಂಚು ತುಸು ದಪ್ಪ. ದಪ್ಪ ಅಂಚು ಯಾಕೆಂದು ಕೇಳಿದ ಡ್ರೈವರನಿಗೆ, "ಆ ಕಡಿಂದ ಕಡಿ, ಹಲ್ಲು ಗಟ್ಟಿ ಆಗತಾವ" ಅನ್ನುವ ಉತ್ತರ ಸಿಕ್ಕಿತು. ಈಗ ಪಕ್ಕದಲ್ಲಿ ಶಿವಕುಮಾರಿಯೂ ಕುಳಿತು ಬಡಿಯುತ್ತಾಳೆ. ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಹಿಟ್ಟಿಗೆ ನೀರು ಹೆಚ್ಚಾಯಿತೆಂದು ಅತ್ತೆ, ಇಲ್ಲವೆಂದು ಸೊಸೆ ಜಗಳ ತೆಗೆಯುತ್ತಾರೆ. ಜಗಳ ಕಾವೇರಿದಾಗ ಕಸ್ತೂರೆಮ್ಮ ಬಲಗೈಯನ್ನು ಸೊಸೆಯ ಮುಖದ ಮುಂದೆ ಆಡಿಸುತ್ತಾಳೆ. ಆಡಿಸುತ್ತಿರುವುದು ಆಕೆಗೆ ಗೊತ್ತೇ ಇರುವುದಿಲ್ಲ.