ಯೋಹಾನಪ್ಪ ಮೇಷ್ಟ್ರ ಕೊನೆಯ ಅಧ್ಯಾಯ

ಹೊಸಕೋಟೆಯ ಮಿಷನ್ ಶಾಲೆಯಲ್ಲಿ ನನ್ನ ಪಕ್ಕದ ತರಗತಿಗೆ ಪಾಠ ಹೇಳುವ ಯೋಹಾನಪ್ಪ ಮೇಷ್ಟ್ರು ಒಂಬತ್ತು ವರ್ಷಗಳಿಂದ ಒಂದು ಕ್ರೈಸ್ತ ಕಾದಂಬರಿ ಬರೆಯುತ್ತಿದ್ದಾರೆ. ಬರೆಯುತ್ತಿದ್ದಾರೆ ಎನ್ನುವುದಕ್ಕಿಂತ ಅದಕ್ಕೆ ಸಾಮಾನು ಕೂಡಿಸುತ್ತಿದ್ದಾರೆ ಎನ್ನಬೇಕು. ಯುದ್ಧ ಬಂದು ಕಾಗದ ಸಿಗದಂತಾದಾಗ ಮಕ್ಕಳ ಹಳೆಯ ಪರೀಕ್ಷೆ ಹಾಳೆಗಳನ್ನೆಲ್ಲ ಬಾಚಿಕೊಂಡು ಹೋದರು. ನನ್ನ ನಿಘಂಟು ಅವರ ಮನೆ ಸೇರಿ ಮೂರು ವರ್ಷವಾಯಿತು. ಬೈಬಲ್ಲಿನ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು, ಕೋಪದವು ಬೇರೆ, ಕಣ್ಣೀರಿನವು ಬೇರೆ ಎಂದು ಬೆಂಕಿಪೊಟ್ಟಣಗಳಲ್ಲಿ ತುಂಬಿಟ್ಟಿದ್ದಾರೆ. ಬರೆಯುವ ಆಸೆಯವರು ಯಾರಾದರೂ ಸಿಕ್ಕರೆ ಮುಗಿಯಿತು. “ಮೊದ್ಲು ಸಲಕರಣೆ ಜೋಡಿಸ್ಕೊಳ್ಳಿ ಸ್ವಾಮಿ, ಕಥೆ ತಾನಾಗೇ ಬರ್ತದೆ” ಎಂದು ಗಂಟೆಗಟ್ಟಲೆ ಕೊರೆಯುತ್ತಾರೆ. ಅವರಿಗೆ ಮಾತ್ರ ಬರುವುದಿಲ್ಲ. ಹೇಗೋ ಉಳಿದದ್ದೆಲ್ಲ ಬರೆದಾಗಿದೆ, ಬಾಕಿಯಿರುವುದು ಕೊನೆಯ ಅಧ್ಯಾಯವೊಂದೇ: ಕ್ರೈಸ್ತನಾದ ತಮ್ಮನನ್ನು ಮನೆಯಿಂದ ಹೊರಹಾಕಿದ ಅಣ್ಣ ಪಶ್ಚಾತ್ತಾಪಪಟ್ಟು ಅವನನ್ನು ಅಪ್ಪಿಕೊಳ್ಳಬೇಕು. ಅದಕ್ಕೀಗ ಹೊಸ ನಿಬ್ಬು ಬೇಕಂತೆ. ಮೊನ್ನೆ ಸಂತೆಯ ದಿನ ನನಗೆ ರೇಗಿಹೋಯಿತು. “ನಾಲ್ಕು ಸಾಲು ಗೀಚಿ ಅಪ್ಪಿಸಿಬಿಡಿ ಮೇಷ್ಟ್ರೇ, ಎಲ್ಲಾ ನಿಮ್ಮ ಕೈಲೇ ಇದೆಯಲ್ಲ” ಎಂದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಅವರ ಹುಟ್ಟೂರು ನಂದಗುಡಿಯ ಕಡೆಯ ಎತ್ತಿನ ಗಾಡಿಯೊಂದು ಶಾಲೆಯ ಮುಂದೆ ಹಾದುಹೋಯಿತು. ಗಾಡಿ ಹೊಡೆಯುತ್ತಿದ್ದ ಮುದುಕನ ಹಣೆ, ಮೂಗು ಎಲ್ಲ ಥೇಟ್ ಮೇಷ್ಟ್ರದೇ. ಆತ ಈ ಕಡೆ ತಿರುಗಲಿಲ್ಲ. “ಈ ವಾರಾನೂ ನೋಡ್ಲಿಲ್ಲ ನಮ್ಮಣ್ಣ” ಎಂದರು ಮೇಷ್ಟ್ರು. ಆಮೇಲೆ, “ಸಂತೆಗೆ ಹೋದ್ರೆ ನಿಬ್ಬು ತರೋದು ಮರೀಬೇಡಿ” ಎಂದರು.