ಗುಡಿಸದೆ ಉಳಿದ ಡಬ್ಬಿ

ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನೆಲ ಒರೆಸಿ ನಿವೃತ್ತಳಾದ ಮೇಲೂ ಫಿನಾಯಿಲಮ್ಮನ ಕೈ ಸುಮ್ಮನಿರಲಿಲ್ಲ. ಆ ಹೆಸರು ವಾರ್ಡಿನ ನರ್ಸುಗಳು ಇಟ್ಟದ್ದು. ಆಕೆ ಅದನ್ನು ಬಿರುದೆಂದೇ ತಿಳಿದಿದ್ದಳು.

ಸಂಶೋಧನಾ ಕೇಂದ್ರದ ಹುಳುಗಳ ಕೋಣೆಯಲ್ಲಿ ಕೆಲಸ ಸಿಕ್ಕಿತು. ಬಡಗಿಯಾದ ಗಂಡ ಉಳಿ ಮಸೆಯುತ್ತ ಕೇಳಿದ, "ಜೀವಮಾನವೆಲ್ಲ ನಾನು ಮರದ ಹುಳ ಕೊಂದೆ. ನೀನು ಅವನ್ನೇ ಸಾಕೋಕೆ ಹೊರಟ್ಯಾ?"

"ನಿಮ್ಮನ್ನೇ ಸಾಕಿದೀನಿ. ಇವು ಯಾವ ಮಹಾ ಬಿಡ್ರೀ."

ಕೊಳೆತ ಮರ ತಿಂದು ಬದುಕುವ ಕಪ್ಪು ಜೀರುಂಡೆಗಳ ಮರಿಹುಳುಗಳು ಅಲ್ಲಿ ಏಳು ಡಬ್ಬಿಗಳಲ್ಲಿದ್ದವು. ತಂದೆ ತಾಯಿಗಳನ್ನು ಆ ಕೋಣೆ ನೋಡಿಕೊಳ್ಳುತ್ತಿದ್ದ ವಿಜ್ಞಾನಿ ಮೇಡಂ ಪರೀಕ್ಷೆಗೆಂದು ಬೇರೆ ತೆಗೆದಿದ್ದರು. "ನೀರು ಚಿಮುಕಿಸಿದ್ರೆ ಸಾಕು, ಇನ್ನೇನೂ ಮುಟ್ಟಬೇಡಿ" ಎಂದು ಅವರು ಹೇಳಿದ್ದೂ ನಿಜ. ದೊಡ್ಡವರು ಉಪಚಾರಕ್ಕೆ ಹಾಗೆ ಅನ್ನುತ್ತಾರೆಂದು ಫಿನಾಯಿಲಮ್ಮ ಭಾವಿಸಿದಳು. ಡಬ್ಬಿಯ ತಳದಲ್ಲಿದ್ದ ಕಂದು ಹುಡಿ ಹಿಕ್ಕೆಯೆಂದು ಗೊತ್ತಾದ ದಿನವೇ ಅದನ್ನು ಬಳಿದು ಎಸೆದಳು. ಡಬ್ಬಿ ತಿಕ್ಕಿ ತೊಳೆದು, ಗಂಡನ ಅಂಗಡಿಯ ಹೊಸ ಹೊಟ್ಟು ಹಾಸಿದಳು. ಆಮೇಲೆ ಅದೇ ಪರಿಪಾಠವಾಯಿತು. ಒಂದು ಡಬ್ಬಿಯ ಮುಚ್ಚಳ ಮಾತ್ರ ಬಿಗಿದುಕೊಂಡಿತ್ತು. ಅದಕ್ಕೆ ತೂತಿನಿಂದಲೇ ನೀರು ಹಾಕುತ್ತಿದ್ದಳು.

ಮೂರು ವಾರದಲ್ಲಿ ಮರಿಗಳು ಬಾಡಿದವು. ಒಂದೊಂದಾಗಿ ಸತ್ತು, ತೊಳೆದ ಡಬ್ಬಿಗಳಲ್ಲಿ ಹನ್ನೊಂದು ಉಳಿದವು. ಮೇಡಂ ತೇವ ಅಳೆದರು, ಮರ ಬದಲಿಸಿದರು. ಒದ್ದೆಯಾದ ಹೊಟ್ಟೂ ಹಿಕ್ಕೆಯಂತೆಯೇ ಕಂದು ಹುಡಿಯಾಗಿ ಕಾಣುತ್ತಿದ್ದುದರಿಂದ ಅದರ ಮೇಲೆ ಅವರಿಗೆ ಅನುಮಾನ ಬರಲಿಲ್ಲ.

"ಹುಳ ಹೋದ್ರೆ ಈ ಕೋಣೆ ಮುಚ್ತಾರೆ" ಎಂದರು. "ನಿಮ್ಮ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ."

ಆ ಮಧ್ಯಾಹ್ನ ಫಿನಾಯಿಲಮ್ಮ ಬಿಗಿದ ಮುಚ್ಚಳವನ್ನು ಚಮಚದಿಂದ ಮೀಟಿ ತೆಗೆದಳು. ಒಳಗೆ ತಿಪ್ಪೆಯಂಥ ಗಲೀಜು. ನಡುವೆ ಐದು ಮರಿಗಳು ಬೆರಳು ಗಾತ್ರಕ್ಕೆ ಕೊಬ್ಬಿ ಕುಳಿತಿದ್ದವು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಡಂ ಬರುವವರೆಗೆ ಆಕೆ ಸ್ಟೂಲಿನ ಮೇಲೆ ಕೂತಳು.

"ಮಾಡಿದ್ದು ನಾನೇ" ಎಂದಳು. "ದಿನಾ ಹಿಕ್ಕೆ ತೆಗೆದು ಹೊಟ್ಟು ಹಾಕ್ತಿದ್ದೆ. ಇದೊಂದನ್ನ ತೆಗೆಯೋಕೆ ಆಗಿರಲಿಲ್ಲ, ನೋಡಿ."

ಮೇಡಂ ಡಬ್ಬಿಯನ್ನು ಬೆಳಕಿಗೆ ಹಿಡಿದು ಮರಿಗಳನ್ನು ಎಣಿಸಿದರು. "ಬೈಯೋದು ಆಮೇಲೆ. ಮೊದಲು ಆ ಚಮಚ ಕೊಡಿ."

ಕೊಬ್ಬಿದ ಮರಿಗಳ ಹಿಕ್ಕೆಯನ್ನು ಚಮಚ ಚಮಚವಾಗಿ ಉಳಿದ ಡಬ್ಬಿಗಳಿಗೆ ಹಂಚುತ್ತ ಅವರು ವಿವರಿಸಿದರು. ಮರ ಅರಗಿಸುವುದು ಹುಳು ಒಂದರಿಂದಲೇ ಆಗುವ ಕೆಲಸವಲ್ಲ. ಬ್ರೆಡ್ಡು ಉಬ್ಬಿಸುವ ಯೀಸ್ಟಿನ ದಾಯಾದಿಗಳು ಅದರ ಕರುಳಿನಲ್ಲಿ ಬೀಡುಬಿಟ್ಟಿರುತ್ತವೆ. ಮರದ ಸಕ್ಕರೆಯನ್ನು ಅರಗಿಸಿಕೊಡುವುದರಲ್ಲಿ ಅವುಗಳ ಪಾಲಿದೆ. ಮರಿಗೆ ಅವು ಸಿಗುವುದು ಹೆತ್ತವರ ಹಿಕ್ಕೆಯಿಂದ; ಅದನ್ನು ತಿಂದು ಬೆಳೆದ ಈ ಮರಿಗಳ ಹಿಕ್ಕೆಯಲ್ಲೂ ಅವು ಇರುತ್ತವೆ.

"ಹಿಕ್ಕೆ ತಿನ್ನೋ ಜಾತಿ ಅಂತ ಮೊದಲೇ ಹೇಳಿದ್ರೆ ನಾನು ಈ ಕೆಲಸಕ್ಕೇ ಬರ್ತಿರಲಿಲ್ಲ."

"ಅದಕ್ಕೇ ಹೇಳಲಿಲ್ಲ."

ಮುಂದಿನ ವಾರ ಫಿನಾಯಿಲಮ್ಮ ಕೈಕಟ್ಟಿ ಕೂತಳು. ಅವಳ ಬಾಳಿನಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಇನ್ನೂ ಎರಡು ಸತ್ತವು. ಒಂಬತ್ತನೆಯ ಬೆಳಿಗ್ಗೆ ಒಂದು ಮರಿಯ ತೆಳು ಚರ್ಮದಡಿ ಕಂದು ಗೆರೆ ಕಂಡಿತು. ಹೊಟ್ಟೆಗೆ ಮರ ಇಳಿದಿತ್ತು. ಪಕ್ಕದ್ದರಲ್ಲೂ ಹಾಗೇ. ಮೇಡಂ ತೂಗಿದರು, ಒಂಬತ್ತೂ ತೂಕ ಏರಿದ್ದವು.

ಅವರು ದಾಖಲೆ ಪುಸ್ತಕ ಮುಂದೆ ತಳ್ಳಿದರು. "ನೀವು ತೊಳೆದ ದಿನಗಳನ್ನೆಲ್ಲ ಬರೀರಿ. ಹಿಕ್ಕೆ ಇಲ್ಲದ್ದು ಆರು ಡಬ್ಬಿ, ಇದ್ದದ್ದು ಒಂದು. ಇಂಥ ಹೋಲಿಕೆ ಮಾಡೋ ಧೈರ್ಯ ನನಗೇ ಇರಲಿಲ್ಲ. ಇನ್ನು ಸರಿಯಾಗಿ ಮಾಡಬಹುದು, ಇಬ್ಬರೂ ಸೇರಿ."

ಫಿನಾಯಿಲಮ್ಮ ಕನ್ನಡಕ ಏರಿಸಿ ಪೆನ್ನು ಹಿಡಿದಳು. "ಭಾನುವಾರಾನೂ ಬಂದು ತೊಳೆದಿದ್ದೆ. ಅದನ್ನೂ ಹಾಕ್ಲಾ?"

"ಹಾಕಿ."