ಬರಬೇಡವೆಂದು ಬೇಡಿದ್ದೆ, ಸ್ವಾಮಿ ಬಂದ

ಗಾಜಿನ ಜಾಡಿಯೊಳಗೆ ಸರ್ಪವನ್ನು ಮೊದಲ ಸಲ ಕಂಡಾಗ ನಾನು ಕೂಗಲಿಲ್ಲ, ಓಡಲೂ ಇಲ್ಲ. ಕಾಲು ಎತ್ತಲಿಕ್ಕೇ ಬರಲಿಲ್ಲ. ಅದು ಅರವತ್ತರ ದಶಕ ಮುಗಿಯುತ್ತಾ ಬಂದ ಕಾಲ. ಮರ್ಕಂಜದವಳಾದ ನಾನು ಪುತ್ತೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಮುಖ್ಯ ವಿಷಯ ಪ್ರಾಣಿಶಾಸ್ತ್ರ. ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳಿಗೆ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷು. ಅರ್ಧ ಪಾಠ ತಲೆಗೆ ಹೋಗುತ್ತಿರಲಿಲ್ಲ. ಕಪ್ಪೆಯ ನರ ಬಿಡಿಸುವಾಗ ಕೈ ನಡುಗಿ ನರವೇ ತುಂಡಾಗುತ್ತಿತ್ತು. ಅದನ್ನೆಲ್ಲ ಹಲ್ಲು ಕಚ್ಚಿ ಸಹಿಸಿಕೊಂಡಿದ್ದೆ. ಈ ಜಾಡಿಯನ್ನು ಮಾತ್ರ ಸಹಿಸಲು ಆಗಲಿಲ್ಲ.

ನಮ್ಮ ಕಡೆಯ ಭಕ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ನಮಗೆ ಸರ್ಪವೆಂದರೆ ನಾಗ, ನಾಗನೆಂದರೆ ಸುಬ್ರಹ್ಮಣ್ಯ. ದಾರಿಯಲ್ಲಿ ಸತ್ತ ಸರ್ಪ ಕಂಡರೆ ಕಂಡವರು ಸುಮ್ಮನೆ ದಾಟಿ ಹೋಗುವಂತಿಲ್ಲ. ಮನೆಯವರೇ ತೀರಿಕೊಂಡ ಹಾಗೆ ಅದಕ್ಕೆ ಬೆಂಕಿ ಸಂಸ್ಕಾರ ಆಗಬೇಕು. ಆಗದಿದ್ದರೆ ದೋಷ, ಆ ದೋಷ ತಟ್ಟುವುದು ಹುಟ್ಟುವ ಮಕ್ಕಳಿಗೆ. ಇಲ್ಲಿ ನೋಡಿದರೆ ಈ ಸರ್ಪ ಸಂಸ್ಕಾರವಿಲ್ಲದೆ ವರ್ಷಗಟ್ಟಲೆ ಮದ್ದಿನ ನೀರಿನಲ್ಲಿ ಸುರುಳಿ ಸುತ್ತಿ ಕೂತಿದೆ. ನಾನು ಅದನ್ನು ಚಿಮುಟದಿಂದ ತಿರುಗಿಸಿ, ಮೇಲ್ದುಟಿಯ ಹುರುಪೆ ನೋಡಿ ಗುರುತು ಹೇಳಬೇಕು!

ನನ್ನ ಅಕ್ಕ ದೇವಕಿಯನ್ನು ಕಡಬದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳಿಗೆ ಎರಡು ಸಲ ಗರ್ಭ ನಿಂತು ಇಳಿದುಹೋಗಿತ್ತು. ಜೋಯಿಸರು ನಾಗದೋಷ ಅಂದರು. ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಸರ್ಪಸಂಸ್ಕಾರ ಮಾಡಿಸಿದ ಮೇಲೆ ಅವಳು ಮತ್ತೆ ಬಸುರಿಯಾಗಿದ್ದಳು. ನಮ್ಮ ಮನೆಯಲ್ಲಿ ಆಗ ಯಾರೂ ಬಾಗಿಲನ್ನು ಕೂಡ ಜೋರಾಗಿ ಹಾಕುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಒಡಹುಟ್ಟಿದವಳೇ ಹೋಗಿ ನಾಗನ ಹೆಣ ಮುಟ್ಟುವುದೇ?

ಮಧ್ಯಾವಧಿ ಪರೀಕ್ಷೆಯಲ್ಲಿ ಮೇಜಿನ ಸುತ್ತ ಮಾದರಿಗಳನ್ನು ಇಟ್ಟಿದ್ದರು. ಗಂಟೆ ಬಾರಿಸಿದ ಹಾಗೆ ಒಂದೊಂದರ ಮುಂದೆ ನಿಂತು ಹೆಸರು, ಲಕ್ಷಣ ಬರೆಯುತ್ತಾ ಮುಂದೆ ಸರಿಯಬೇಕು. ಸರ್ಪದ ಮುಂದೆ ಬಂದಾಗ ಕಣ್ಣು ಮುಚ್ಚಿ ನಿಂತೆ, ಗಂಟೆ ಬಾರಿಸಿದ್ದೂ ಕೇಳಿಸಲಿಲ್ಲ. ಆಮೇಲೆ ಒಂದಕ್ಷರ ಬರೆಯಲಾಗಲಿಲ್ಲ. ಮಾಸ್ಟ್ರು ಖಾಲಿ ಕಾಗದ ಎತ್ತಿ ಹಿಡಿದು, “ಫೈನಲಲ್ಲೂ ಹೀಗೇ ಮಾಡಿದ್ರೆ ನೀನು ಪಾಸಾಗುದಿಲ್ಲ, ಈಗಲೇ ಹೇಳ್ತೇನೆ” ಅಂದರು.

ಫೇಲಾದರೆ ಓದು ಮುಗಿದಂತೆಯೇ. ಹೆಣ್ಣುಮಗಳನ್ನು ಕಾಲೇಜಿಗೆ ಕಳಿಸಿದ್ದಕ್ಕೆ ಊರವರ ಬಾಯಿಗೆ ಬಿದ್ದು ಅಪ್ಪನಿಗೆ ಸಾಕಾಗಿತ್ತು. “ಒಂದು ಸಲ ಡುಮ್ಕಿ ಹೊಡೆದ್ರೂ ಪೆಟ್ಟಿಗೆ ಕಟ್ಟಿ ಮನೆಗೆ ಬಾ” ಎಂದು ಮೊದಲೇ ಹೇಳಿದ್ದರು. ಅಪ್ಪ ಆಡಿದ ಮಾತು ತಪ್ಪುವ ಪೈಕಿ ಅಲ್ಲ.

ದಿನಾ ಸಂಜೆ ಚಿಕ್ಕಮ್ಮ ದೀಪ ಹಚ್ಚುವಾಗ ನಾನು ಪಕ್ಕದಲ್ಲಿ ಕೂತು ಬೇಡಿಕೊಳ್ಳುತ್ತಿದ್ದೆ: “ಸ್ವಾಮೀ, ಪರೀಕ್ಷೆಯ ದಿನ ಮೇಜಿನ ಮೇಲೆ ನೀನು ಬರಬೇಡ. ಕಪಾಟಿನಲ್ಲೇ ಇರು.” ದೇವರೇ ಬಾ ಎಂದು ಎಲ್ಲರೂ ಹರಕೆ ಹೊತ್ತರೆ, ಬರಬೇಡ ಎಂದು ಹೊತ್ತವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಅಕ್ಕ ತಪಾಸಣೆಗೆಂದು ಕಡಬದಿಂದ ಬಸ್ಸಿನಲ್ಲಿ ಪುತ್ತೂರಿಗೆ ಬಂದ ದಿನ ನಾನು ಆಸ್ಪತ್ರೆಗೆ ಹೋದೆ. ಬಸ್ಸಿನ ಕುಲುಕಾಟಕ್ಕೆ ಅವಳ ಮುಖ ಬಿಳುಚಿತ್ತು. ಜಗಲಿಯ ಬೆಂಚಿನಲ್ಲಿ ಕೂತುಕೊಂಡು, “ಎಂತ, ನೀನು ನನಗಿಂತಲೂ ಸೊರಗಿದ್ದಿ?” ಎಂದು ನನ್ನನ್ನೇ ಕೇಳಿದಳು. ನಮ್ಮ ಮನೆಮಾತು ಅರೆಭಾಷೆ, ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತಿದ್ದೇನೆ. ಯಾರಿಗೂ ಹೇಳಬಾರದೆಂದು ಕಟ್ಟಿಟ್ಟದ್ದು ಅಲ್ಲಿ ಒಡೆದುಹೋಯಿತು. ಜಾಡಿಯ ವಿಷಯ ಪೂರ್ತಿ ಹೇಳಿ, “ನಿನಗೋಸ್ಕರ ಕಾಲೇಜು ಬಿಡ್ತೇನೆ ಅಕ್ಕ” ಅಂದೆ.

ಅಕ್ಕನ ಕೈ ತಟ್ಟನೆ ಹೊಟ್ಟೆಯ ಮೇಲೆ ಹೋಯಿತು. ಬೆಂಚಿನಲ್ಲಿ ನನ್ನಿಂದ ಸ್ವಲ್ಪ ಆಚೆ ಸರಿದು ಕೂತಳು. ಆ ಒಂದು ಗೇಣಿನ ದೂರ ನನಗೆ ಇವತ್ತಿಗೂ ನೆನಪಿದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆಮೇಲೆ ಅವಳೇ ಹೇಳಿದಳು. “ಹೆದರಿಕೆ ನನಗೂ ಉಂಟು. ಇಲ್ಲ ಅಂತ ಹೇಳಿದ್ರೆ ಸುಳ್ಳು. ಆದ್ರೆ ನಿನ್ನ ಓದನ್ನು ತಂದು ನನ್ನ ಹೊಟ್ಟೆಗೆ ಕಟ್ಬೇಡ ಮಾರಾಯ್ತಿ. ನೀನು ಓದು ಬಿಟ್ಟು ಬಂದೂ ಇದು ಉಳಿಯದಿದ್ರೆ? ಆಗ ಎರಡೂ ಹೋಯ್ತಲ್ಲ!”

“ಮುಟ್ಟುದು ಹೇಗೆ ಅಕ್ಕ?”

“ಅದು ನಂಗೆ ಗೊತ್ತಿಲ್ಲ. ಸ್ವಾಮಿ ಹತ್ರ ಕೇಳು. ನನ್ನ ಹೆಸರು ಹೇಳಿ ಓಡಿ ಬರುದು ಬೇಡ.”

ಅಷ್ಟು ಹೇಳಿ ದಾದಿ ಕರೆದಳೆಂದು ಎದ್ದು ಹೋದಳು. ನನಗೆ ಮೊದಲು ಸಿಟ್ಟು ಬಂತು. ಇವಳಿಗಾಗಿ ಇಷ್ಟು ನವೆದವಳಿಗೆ ಈ ಮಾತೇ? ಮನೆಗೆ ಹೋಗುವ ದಾರಿಯಲ್ಲಿ ಅಳು ಬಂತು.

ಮಾರನೆಯ ದಿನದಿಂದ ಕ್ಲಾಸು ಬಿಟ್ಟ ಮೇಲೆ ಪ್ರಯೋಗಶಾಲೆಗೆ ಹೋಗತೊಡಗಿದೆ. ಮೊದಲು ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಮೇಜಿನ ಆಚೆಯಿಂದ, ಕೊನೆಗೆ ಕಪಾಟಿನ ಎದುರಿನಿಂದ. ಕೈ ಜೋಡಿಸಿ, ಪುಸ್ತಕ ತೆರೆದು, ಹುರುಪೆಗಳ ಲಕ್ಷಣ ಬಾಯಿಪಾಠ ಮಾಡುತ್ತಿದ್ದೆ. ಒಂದು ದಿನ ಮಾಸ್ಟ್ರು ಕಂಡು, “ಎಂತ, ದರ್ಶನಕ್ಕೆ ಬಂದದ್ದಾ? ಕಾಯಿ ಒಡೀಬೇಡ, ಗಾಜು ಉಂಟು” ಎಂದು ನಕ್ಕರು. ಹೆದರಿಕೆ ಒಂದು ಕಾಳಿನಷ್ಟೂ ಕಡಿಮೆಯಾಗಲಿಲ್ಲ. ಹೆದರುತ್ತಲೇ ನಿಲ್ಲುವುದು ಮಾತ್ರ ಅಭ್ಯಾಸವಾಯಿತು. ಕಪ್ಪೆಯ ನರವನ್ನೂ ಇಂಗ್ಲಿಷನ್ನೂ ಅದೇ ಹಟದಲ್ಲಿ ಹಿಡಿದೆ. ಸಂಜೆಯ ಪ್ರಾರ್ಥನೆ ಮಾತ್ರ ಬದಲಾಗಲಿಲ್ಲ. ಬರಬೇಡ ಸ್ವಾಮೀ, ಬರಬೇಡ.

ಫೈನಲ್ ಪ್ರಾಕ್ಟಿಕಲ್ ದಿನ ಬೆಳಿಗ್ಗೆ ನಾನು ಹೊರಡುವಾಗ ಭಾವ ಓಡಿ ಬಂದರು. ಅಕ್ಕನಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿ, ಬಾಡಿಗೆ ಜೀಪಿನಲ್ಲಿ ತಂದು ಆಸ್ಪತ್ರೆಗೆ ಸೇರಿಸಿದ್ದರು. “ಸ್ವಲ್ಪ ಕಷ್ಟ ಉಂಟು ಅಂತ ಡಾಕ್ಟ್ರು ಹೇಳಿದ್ರು” ಅಂದರು. ನಾನೂ ಬರುತ್ತೇನೆಂದು ಹಟ ಮಾಡಿದೆ. ಚಿಕ್ಕಮ್ಮ ನನ್ನ ಭುಜ ಹಿಡಿದು ಕಾಲೇಜಿನ ದಾರಿಗೆ ತಿರುಗಿಸಿ, “ಅಲ್ಲಿ ನೀನು ಮಾಡುದು ಎಂತ ಉಂಟು? ಹೋಗು” ಅಂದಳು.

ಪರೀಕ್ಷೆಯ ಕೋಣೆಯಲ್ಲಿ ಗಂಟೆ ಬಾರಿಸಿದಾಗಲೆಲ್ಲ ಸರಿಯುತ್ತಾ ಒಂದು ಬಿಳಿ ತಟ್ಟೆಯ ಮುಂದೆ ಬಂದೆ. ಸರ್ಪ. ಜಾಡಿಯಲ್ಲೂ ಅಲ್ಲ, ಹೊರಗೆ ತೆಗೆದು ಮಲಗಿಸಿದ್ದರು. ಪಕ್ಕದಲ್ಲಿ ಚಿಮುಟ.

ಸ್ವಾಮಿ ನನ್ನ ಕೈಬಿಟ್ಟ, ಅಕ್ಕನ ಕೈಯನ್ನೂ ಬಿಟ್ಟ, ಇಷ್ಟು ದಿನ ಬೇಡಿದ್ದೆಲ್ಲ ನೀರಿನಲ್ಲಿ ಹೋಯಿತು ಎಂದುಕೊಂಡೆ. ಓಡಿಹೋಗೋಣವೆಂದು ಬಾಗಿಲ ಕಡೆ ನೋಡಿದ್ದೂ ಹೌದು. ಆಗ ಅರ್ಧ ಬಿಚ್ಚಿದ ಆ ಹೆಡೆ ಕಣ್ಣಿಗೆ ಬಿತ್ತು. ಪಂಚಮಿಯ ದಿನ ನಾಗಬನದಲ್ಲಿ ಹಾಲಿನ ತಂಬಿಗೆ ಹಿಡಿದು ದೂರದಲ್ಲಿ ನಿಂತು, ಹಿರಿಯರ ಬೆನ್ನ ಸಂದಿಯಿಂದ ಇಣುಕಿ ನೋಡುತ್ತಿದ್ದ ಕಲ್ಲಿನ ಹೆಡೆಯೇ ಅದು. ಇಷ್ಟು ಹತ್ತಿರದಿಂದ ಸ್ವಾಮಿಯನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಬರಬೇಡವೆಂದು ಅಷ್ಟು ಸಲ ಹೇಳಿದರೂ, ಇವಳು ಈ ದಿನ ಒಬ್ಬಳೇ ಆಗಬಾರದೆಂದು ಬಂದಿದ್ದಾನೆ! ಕಣ್ಣಲ್ಲಿ ನೀರು ಬಂತು. ಮನಸ್ಸಿನಲ್ಲೇ ಅಪ್ಪಣೆ ಕೇಳಿ ಚಿಮುಟ ಎತ್ತಿಕೊಂಡೆ. ತಲೆ ಜಾರಿದಾಗ ಬಲಗೈಯ ಬೆರಳುಗಳಿಂದಲೇ ಹಿಡಿದು ತಿರುಗಿಸಿದೆ. ಮೇಲ್ದುಟಿಯ ಮೂರನೆಯ ಹುರುಪೆ ದೊಡ್ಡದು, ಕಣ್ಣನ್ನೂ ಮೂಗಿನ ಹುರುಪೆಯನ್ನೂ ಮುಟ್ಟುತ್ತದೆ. ಬರೆದೆ. ಕಪ್ಪೆಗೂ ನಡುಗುತ್ತಿದ್ದ ಕೈ ಅವತ್ತು ನಡುಗಲಿಲ್ಲ.

ಹೊರಗೆ ಬಂದದ್ದೇ ತಡ, ಹೆದರಿಕೆ ಮತ್ತೆ ಹೆಗಲೇರಿತು. ಸಾಬೂನು ಹಾಕಿ ಎಷ್ಟು ತೊಳೆದರೂ ಕೈಯಿಂದ ಮದ್ದಿನ ವಾಸನೆ ಹೋಗಲಿಲ್ಲ. ಬಲಗೈಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿದೆ. ಜಗಲಿಯ ಬೆಂಚಿನಲ್ಲಿ ಭಾವ ಮುಖ ಮುಚ್ಚಿ ಕೂತಿದ್ದರು. ಹತ್ತಿರ ಹೋದೆ. ಅವರು ತಲೆ ಎತ್ತಿದಾಗ ನೋಡಿದರೆ, ಅಳುತ್ತಾ ನಗುತ್ತಿದ್ದರು.

“ಹೆಣ್ಣು. ಇಬ್ರೂ ಸೌಖ್ಯ.”

ಒಳಗೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಬಾಗಿಲಲ್ಲೇ ನಿಂತೆ. ಅಕ್ಕ ಮಂಚದಿಂದಲೇ ನೋಡಿ, “ಬಂತಾ?” ಎಂದು ಕೇಳಿದಳು. ಹೂಂ ಅಂದೆ. “ಮುಟ್ಟಿದ್ಯಾ?” ಮತ್ತೆ ಹೂಂ ಅಂದೆ. “ಯಾವ ಕೈ?”

ನಾನು ಬಲಗೈಯನ್ನು ಮುಂದೆ ಮಾಡಿದೆ. ಅಕ್ಕ ಹತ್ತಿರ ಕರೆದಳು, ತನ್ನ ಪಕ್ಕದಲ್ಲಿ ಕೂರಲು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

ಆ ವರ್ಷ ನಾನು ಪಾಸಾದೆ, ಮುಂದೆ ಅದೇ ವಿಷಯ ಕಲಿಸುವ ಟೀಚರಾದೆ. ಜಾಡಿಯ ಆ ನಾಗನ ಹೆಸರಿನಲ್ಲೂ ಸುಬ್ರಹ್ಮಣ್ಯದಲ್ಲಿ ಪೂಜೆ ಮಾಡಿಸಿದೆವು. ಬೇಡಿದ್ದನ್ನು ಕೊಡದೆ ಬೇಕಾದದ್ದನ್ನು ಕೊಟ್ಟ ಸ್ವಾಮಿಗೆ ಕೈಮುಗಿಯುತ್ತಾ ಇದನ್ನು ಬರೆದಿದ್ದೇನೆ. ಕೈಮುಗಿದಾಗೆಲ್ಲ ನೆನಪಾಗುವುದು ಒಂದೇ. ಅವತ್ತು ಅಕ್ಕ ಮಗುವನ್ನು ಎತ್ತಿ, ಮದ್ದಿನ ವಾಸನೆ ಹೊಡೆಯುತ್ತಿದ್ದ ನನ್ನ ಬಲಗೈಯ ಮೇಲೆಯೇ ಅದರ ತಲೆಯನ್ನು ಇಟ್ಟಳು.